ಮನೆಯ ಟ್ರಂಕಿನಿಂದ ಸ್ಕ್ವಾಡ್ರನ್ ಚರಿತ್ರೆ ಬರೆಯುವುದು ಹೇಗೆ

ನಿಮ್ಮ ಮನೆಯಲ್ಲಿ ನೌಕಾಪಡೆಯಲ್ಲಿದ್ದವರು ಇದ್ದರೆ ಮೊದಲು ಮೆಡಲ್ ಹುಡುಕಿ. ಫೋಟೋ ಆಮೇಲೆ. ಮಲ್ಪೆಯ ನಮ್ಮ ಅಜ್ಜ 1971ರ ಕರಾಚಿ ದಾಳಿಯಲ್ಲಿದ್ದರು ಅಂತ ನಾವೆಲ್ಲ ನಂಬಿದ್ದೆವು. ಡಿಸೆಂಬರ್ 4ರ ನೌಕಾಪಡೆ ದಿನ ಕರಾಚಿಯ ನೆನಪಿಗೇ ಅಲ್ವಾ? ಆದರೆ ಟ್ರಂಕಿನಲ್ಲಿ ಸಿಕ್ಕಿದ್ದು ಪೂರ್ವಿ ಸ್ಟಾರ್, ಅಂದರೆ ಪೂರ್ವದ ಕಡೆ ಯುದ್ಧದಲ್ಲಿದ್ದವರ ಮೆಡಲ್. ಕರಾಚಿ ಇರುವ ಪಶ್ಚಿಮದ ಕಡೆಯವರಿಗೆ ಕೊಟ್ಟದ್ದು ಪಶ್ಚಿಮಿ ಸ್ಟಾರ್. ಮೆಡಲ್ ಮೇಲೆ ನಂಬರು, ಹೆಸರು ಕೊರೆದಿದೆಯಾ ನೋಡಿ. ಪಾಲಿಶ್ ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ.

ಆಟಿ ತಿಂಗಳ ಮಳೆಗೆ ಬೂಷ್ಟು ಹಿಡಿದು ಫೋಟೋಗಳು ಅಂಟಿಕೊಂಡಿದ್ದರೆ ಎಳೆಯಬೇಡಿ, ಗೊತ್ತಿದ್ದವರ ಕೈಗೆ ಕೊಡಿ. 1971ರಲ್ಲಿ ಪೂರ್ವದ ಕಡೆ ಇದ್ದ ವಿಮಾನವಾಹಕ ಹಡಗು ವಿಕ್ರಾಂತಿನ ಹಳೇ ಫೋಟೋದಲ್ಲಿ ಮೂಗಿಗೆ ಪ್ರೊಪೆಲರ್ ಇರುವ ವಿಮಾನ ಅಲೀಝೆ, 310ನೇ ಸ್ಕ್ವಾಡ್ರನ್ನಿನದು, ಅಂದರೆ ವಿಮಾನ ದಳದ್ದು. ಪ್ರೊಪೆಲರ್ ಇಲ್ಲದೆ, ಬೆಂಕಿ ಉಗುಳುವ ಬಾಯಿ ಬಾಲದಲ್ಲಿರುವ ಬದಲು ಎರಡೂ ರೆಕ್ಕೆಗಳ ಬುಡದಲ್ಲಿ ಒಂದೊಂದು ಇದ್ದರೆ ಅದು ಸೀ ಹಾಕ್. ಅದೇ 300ನೇ ಸ್ಕ್ವಾಡ್ರನ್, ವೈಟ್ ಟೈಗರ್ಸ್. 1960ರಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. 1983ರಲ್ಲಿ ಇವರಿಗೆ ಸೀ ಹ್ಯಾರಿಯರ್ ಬಂತು. ಹಾಗಾಗಿ ವಿಮಾನ ಗುರುತಿಸಿದರೆ ಫೋಟೋದ ಕಾಲವೂ ಅಂದಾಜಿಗೆ ಸಿಗುತ್ತದೆ.

ಕಾರವಾರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಚಪಲ್ ಯುದ್ಧಹಡಗನ್ನು 1971ರ ಈ ಕಥೆಗೆ ಸೇರಿಸಬೇಡಿ. ಅದು ನೌಕಾಪಡೆಗೆ ಬಂದದ್ದೇ 1976ರಲ್ಲಿ.

ಈಗ ಮಾತಾಡಿಸುವುದು. ಇದಕ್ಕೆ ಜಾಸ್ತಿ ಸಮಯ ಕೊಡಿ. 1971ರ ಡಿಸೆಂಬರ್ 4ರಂದು ಸಂತೋಷ್ ಕುಮಾರ್ ಗುಪ್ತಾ ನಾಯಕತ್ವದಲ್ಲಿ ಸೀ ಹಾಕ್‌ಗಳು ಆಗಿನ ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ಕಾಕ್ಸ್ ಬಜಾರ್ ಮೇಲೆ, ಆಮೇಲೆ ಚಿತ್ತಗಾಂಗ್ ಮೇಲೆ ದಾಳಿ ಮಾಡಿದ್ದು, ಅವರಿಗೆ ಮಹಾವೀರ ಚಕ್ರ ಬಂದದ್ದು, ಇದೆಲ್ಲ ದಾಖಲೆಯಲ್ಲಿದೆ. ಡೆಕ್ಕಿನ ಮೇಲೆ ವಿಮಾನ ತಳ್ಳಿದವರ, ಗುಂಡು ತುಂಬಿದವರ ಮಾತು ಎಲ್ಲಿದೆ? ಅದನ್ನು ನೀವೇ ಬರೆಯಬೇಕು. "ಯುದ್ಧ ಹೇಗಿತ್ತು ಅಜ್ಜ?" ಅಂತ ಕೇಳಿದರೆ "ಇತ್ತು ಮಗಾ" ಅಂತ ಸುಮ್ನಾಗುತ್ತಾರೆ. ಮೊದಲು ನೀವು ಸ್ವಲ್ಪ ತಿಳಿದುಕೊಂಡು ಹೋಗಿ. ಆಗ ವಿಕ್ರಾಂತಿನ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು, ಪೂರ್ತಿ ವೇಗದಲ್ಲಿ ಓಡುವಂತಿರಲಿಲ್ಲ, ಹಡಗು ನಿಧಾನವಾದರೆ ಡೆಕ್ಕಿನ ಮೇಲೆ ಎದುರುಗಾಳಿ ಕಡಿಮೆ, ಗಾಳಿ ಕಡಿಮೆಯಾದರೆ ತುಂಬಿದ ವಿಮಾನ ಏರುವುದು ಕಷ್ಟ. ನಾನು "ಗಾಳಿ ಸಾಕಾಗ್ತಿತ್ತಾ ಅಜ್ಜ?" ಅಂದೆ ಅಷ್ಟೆ. ಎರಡು ಗಂಟೆ ಮಾತಾಡಿದರು. ಸೀ ಹಾಕಿನ ನಾಲ್ಕು 20 ಎಂಎಂ ಗನ್ನಿಗೆ ಗುಂಡು ತುಂಬುತ್ತಿದ್ದ ಅವರ ಬೆರಳು ಗಾಳಿಯಲ್ಲೇ ಆ ಕೆಲಸ ಮಾಡಿ ತೋರಿಸಿತು. ಅದಕ್ಕೇ ಹೇಳುವುದು, ಬರೀ ಧ್ವನಿ ಸಾಲದು, ವೀಡಿಯೋ ಮಾಡಿ.

ಸಾಧ್ಯವಾದರೆ ಉಡುಪಿಯಿಂದ ರೈಲಿನಲ್ಲಿ ಮಡಗಾಂವ್‌ಗೆ ಹೋಗಿ, ಬೊಗ್ಮಾಲೊದ ನೌಕಾ ವಿಮಾನ ಮ್ಯೂಸಿಯಂಗೆ ಅವರನ್ನು ಕರೆದುಕೊಂಡು ಹೋಗಿ. ಸೀ ಹಾಕ್ ಅಲ್ಲೇ ನಿಂತಿದೆ. ಅವರು ಯಾವ ಕಡೆಯಿಂದ ಅದರ ಹತ್ತಿರ ಹೋಗುತ್ತಾರೆ, ಮೊದಲು ಏನು ನೋಡುತ್ತಾರೆ, ಬರೆದುಕೊಳ್ಳಿ.