ಒಂದೇ ಥರ ಕಾಣುವ ಇಂಗ್ಲಿಷ್ ಪದಗಳು: ಅರ್ಥ ಹಿಡಿಯುವ ಬಗೆ

ಮೆಜೆಸ್ಟಿಕ್‌ನಲ್ಲಿ ಹತ್ತು ಜನ ಬಸ್ ಹತ್ತಿದರು. ಈ ವಾಕ್ಯ ಓದುವಾಗ ಯಾವ ಕನ್ನಡಿಗರೂ ತಡವರಿಸುವುದಿಲ್ಲ. ಮೊದಲ ‘ಹತ್ತು’ ಪಕ್ಕದಲ್ಲಿ ‘ಜನ’ ಇದೆ, ಅದು ಸಂಖ್ಯೆ. ಎರಡನೆಯದರ ಹಿಂದೆ ‘ಬಸ್’ ಇದೆ, ಬಾಲದಲ್ಲಿ ‘ದರು’ ಇದೆ, ಅದು ಕ್ರಿಯೆ. ತೊಗರಿ ಬೆಳೆ ಕೈಕೊಟ್ಟು ಬೇಳೆಯ ಬೆಲೆ ಏರಿತು ಎಂದರೂ ಅಷ್ಟೇ, ಬೆಳೆ ಯಾವುದು, ಬೇಳೆ ಯಾವುದು, ಬೆಲೆ ಯಾವುದು ಎಂದು ಯಾರೂ ಕೇಳುವುದಿಲ್ಲ. ಇಂಗ್ಲಿಷ್ ಪದಗಳ ಜೊತೆಗೂ ಮಾಡಬೇಕಾದ್ದು ಇದೇ ಕೆಲಸ. ಅಲ್ಲಿ ನಮಗೆ ತೊಡಕಾಗುವುದು, ಒಂದು ಪದಕ್ಕೆ ಒಂದು ಅರ್ಥ ಎಂದು ಒಂಟಿ ಪದಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿರುವುದರಿಂದ.

‘ಫೇರ್’ ಎಂಬ ಒಂದು ಸದ್ದನ್ನೇ ತೆಗೆದುಕೊಳ್ಳಿ. ಎಫ್, ಎ, ಆರ್, ಇ ಎಂದು ಬರೆದರೆ ಅದು ಪ್ರಯಾಣ ದರ. ಮೆಟ್ರೋ ಫೇರ್, ಬಸ್ ಫೇರ್ ಎಲ್ಲ ಇದೇ. ಎಫ್, ಎ, ಐ, ಆರ್ ಎಂದು ಬರೆದರೆ ಅರ್ಥಗಳ ಗೊಂಚಲೇ ಇದೆ. ರೇಷನ್ ಅಂಗಡಿಯ ಬೋರ್ಡಿನ ‘ಫೇರ್ ಪ್ರೈಸ್ ಶಾಪ್’ ನ್ಯಾಯಬೆಲೆ ಅಂಗಡಿ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯನ್ನು ಇಂಗ್ಲಿಷ್ ಪತ್ರಿಕೆಗಳು ‘ಗ್ರೌಂಡ್‌ನಟ್ ಫೇರ್’ ಎನ್ನುತ್ತವೆ, ಅಲ್ಲಿ ಅದು ಜಾತ್ರೆ. ‘ಫೇರ್ ಕಾಪಿ’ ಎಂದರೆ ಕರಡು ತಿದ್ದಿ ನೀಟಾಗಿ ಬರೆದ ಪ್ರತಿ. ಮೈಬಣ್ಣದ ಮಾತಿನಲ್ಲಿ ಬೆಳ್ಳಗೆ. ‘ಎ ಫೇರ್ ಅಮೌಂಟ್’ ಎಂದರೆ ಸಾಕಷ್ಟು. ಪದ ಒಂದೇ, ಅರ್ಥ ತೀರ್ಮಾನಿಸಿದ್ದು ಪಕ್ಕದ ಪದ.

ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆ

ಅನುಮಾನ ಬಂದ ಕೂಡಲೇ ನಿಘಂಟಿಗೆ ಹೋಗಬೇಡಿ. ಮೊದಲು ಪದದ ಎಡ ಬಲ ನೋಡಿ. ಆಮೇಲೆ ಅದು ನಾಮಪದವೋ ಕ್ರಿಯಾಪದವೋ ಗುರುತಿಸಿ: ಪದಕ್ಕೂ ಮೊದಲು ‘ಎ’, ‘ದ’, ‘ಮೈ’ ಬಂದರೆ ಬಹುಮಟ್ಟಿಗೆ ನಾಮಪದ, ‘ವಿಲ್’, ‘ಕ್ಯಾನ್’, ‘ಮಸ್ಟ್’ ಬಂದರೆ ಕ್ರಿಯಾಪದ. ಮೂರನೆಯದಾಗಿ, ಪದಕ್ಕೆ ಅಂಟಿಕೊಂಡ ಪುಟ್ಟ ಪದ ಯಾವುದು ನೋಡಿ. ಎಲ್ಲರೂ ಬಿಟ್ಟುಬಿಡುವುದು ಈ ಮೂರನೆಯದನ್ನೇ, ಕೆಲಸಕ್ಕೆ ಬರುವುದೂ ಇದೇ.

‘ಚಾರ್ಜ್’ ಪದದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ‘ಚಾರ್ಜ್ಡ್ ವಿತ್ ಥೆಫ್ಟ್’ ಎಂದರೆ ಕಳ್ಳತನದ ಆರೋಪ ಹೊರಿಸಿದರು. ‘ಚಾರ್ಜ್ಡ್ ಫಾರ್ ಡೆಲಿವರಿ’ ಎಂದರೆ ತಂದುಕೊಟ್ಟದ್ದಕ್ಕೆ ದುಡ್ಡು ಹಿಡಿದರು. ‘ಇನ್ ಚಾರ್ಜ್ ಆಫ್’ ಎಂದರೆ ಹೊಣೆ ಹೊತ್ತವರು. ‘ವಿತ್’, ‘ಫಾರ್’, ‘ಆಫ್’ ತೆಗೆದುಬಿಟ್ಟರೆ ಉಳಿಯುವುದು ಮೊಬೈಲ್ ಚಾರ್ಜ್ ಮಾತ್ರ.

ಎಲ್ಲ ಅರ್ಥವನ್ನೂ ಕಲಿತು ಮುಗಿಸುತ್ತೇನೆಂದು ಹೊರಡಬೇಡಿ. ಆಕ್ಸ್‌ಫರ್ಡ್ ಮಹಾನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇರುವುದು ‘ಸೆಟ್’ ಪದಕ್ಕೆ, 400ಕ್ಕೂ ಹೆಚ್ಚು ಅರ್ಥ. ಬದಲಿಗೆ ಬೇರು ಹಿಡಿಯಿರಿ. ಕ್ರಿಯಾಪದವಾಗಿ ‘ಸೆಟ್’ ಎಂದರೆ ಒಂದು ಕಡೆ ಇರಿಸು, ನೆಲೆಗೊಳ್ಳು. ಅಲಾರಂ ಇಡುವುದು, ಮೊಸರು ಹೆಪ್ಪುಗಟ್ಟುವುದು, ಸಿಮೆಂಟ್ ಗಟ್ಟಿಯಾಗುವುದು, ದರ ಗೊತ್ತುಮಾಡುವುದು ಎಲ್ಲಕ್ಕೂ ಆ ಬೇರು ಸಿಗುತ್ತದೆ. ನಾಮಪದವಾದಾಗ ಅದು ಒಟ್ಟಿಗಿರುವ ಗುಂಪು, ನಮ್ಮ ಸೆಟ್ ದೋಸೆಯ ಹಾಗೆ.

ಕಿವಿಗೆ ಸಿಗದ ವ್ಯತ್ಯಾಸ: ಸ ಮತ್ತು ಜ಼

ಕನ್ನಡಿಗರಿಗೆ ಹೆಚ್ಚು ಏಟು ಬೀಳುವ ಜಾಗ ಇದು. ನಮ್ಮ ವರ್ಣಮಾಲೆಯಲ್ಲಿ ‘ಜ಼’ ಇಲ್ಲ. ಹಾಗಾಗಿ ‘ಅಡ್ವೈಸ್’ ಮತ್ತು ‘ಅಡ್ವೈಜ಼್’ ಎರಡನ್ನೂ ಒಂದೇ ಸಮ ಹೇಳುತ್ತೇವೆ, ಹೇಳಿದ ಹಾಗೆಯೇ ಬರೆಯುತ್ತೇವೆ.

ಸದ್ದು ಕಲಿಯಲು ಎರಡು ಬೆರಳನ್ನು ಗಂಟಲಿನ ಮೇಲಿಡಿ. ‘ಸ್ಸ್ಸ್’ ಎನ್ನಿ, ಗಂಟಲು ಅದುರುವುದಿಲ್ಲ. ನಾಲಗೆಯನ್ನು ಅಲ್ಲೇ ಬಿಟ್ಟು ದುಂಬಿಯ ಹಾಗೆ ಗುಯ್‌ಗುಟ್ಟಿ, ಗಂಟಲು ಅದುರುತ್ತದೆ, ಅದೇ ‘ಜ಼’. ‘ಜ’ ಹೇಳುವಾಗ ನಾಲಗೆ ಅಂಗಳಕ್ಕೆ ತಾಗಿ ಗಾಳಿ ಒಂದು ಕ್ಷಣ ನಿಲ್ಲುತ್ತದೆ. ‘ಜ಼’ ಹೇಳುವಾಗ ತಾಗಬಾರದು, ಸಂದಿಯಲ್ಲಿ ಗಾಳಿ ಹರಿಯುತ್ತಲೇ ಇರಬೇಕು. ‘ಜ’ ಎಳೆಯಲು ಬರುವುದಿಲ್ಲ, ‘ಜ಼’ ಐದು ಸೆಕೆಂಡ್ ಎಳೆಯಬಹುದು. ಸರಿ ಬಂತೋ ಇಲ್ಲವೋ ನೋಡಲು ಇಷ್ಟು ಸಾಕು.

ಈ ಸದ್ದು ಕೈಗೆ ಬಂದರೆ ಒಂದು ಸೂತ್ರ ಪುಕ್ಕಟೆ ಸಿಗುತ್ತದೆ: ನಾಮಪದಕ್ಕೆ ಸ, ಕ್ರಿಯಾಪದಕ್ಕೆ ಜ಼. ಸಿ ಇರುವ ‘ಅಡ್ವೈಸ್’ ಸಲಹೆ, ಎಸ್ ಇರುವ ‘ಅಡ್ವೈಜ಼್’ ಸಲಹೆ ಕೊಡು. ‘ಯೂಸ್’ ಉಪಯೋಗ, ‘ಯೂಜ಼್’ ಉಪಯೋಗಿಸು. ‘ಎಕ್ಸ್‌ಕ್ಯೂಸ್’ ನೆಪ, ‘ಎಕ್ಸ್‌ಕ್ಯೂಜ಼್’ ಕ್ಷಮಿಸು. ಈ ಎರಡು ಜೋಡಿಗಳಲ್ಲಿ ಕಾಗುಣಿತ ಬದಲಾಗುವುದೇ ಇಲ್ಲ, ಸದ್ದು ಮಾತ್ರ. ವಿಶೇಷಣಕ್ಕೂ ಕೆಲವೊಮ್ಮೆ ಇದೇ ಲೆಕ್ಕ: ‘ಕ್ಲೋಸ್’ ಹತ್ತಿರ, ‘ಕ್ಲೋಜ಼್’ ಮುಚ್ಚು. ಸಲಹೆ ಎಂಬ ‘ಅಡ್ವೈಸ್’ಗೆ ಬಹುವಚನವಿಲ್ಲ ಎಂಬುದೂ ನೆನಪಿರಲಿ, ಎಷ್ಟೇ ಸಲಹೆ ಕೊಟ್ಟರೂ ಅದು ಏಕವಚನವೇ.

ಸೂತ್ರ ಕೈಕೊಡುವ ಕಡೆಗಳೂ ಇವೆ. ‘ಪ್ರಾಕ್ಟೀಸ್’ ಮತ್ತು ‘ಲೈಸೆನ್ಸ್’ ಪದಗಳಲ್ಲಿ ಬ್ರಿಟಿಷ್ ಬರವಣಿಗೆಯಂತೆ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್, ಆದರೆ ಉಚ್ಚಾರಣೆ ಎರಡಕ್ಕೂ ‘ಸ’ ಒಂದೇ. ಮರೆತರೆ ಪರ್ಸಿನಲ್ಲಿರುವ ಡಿಎಲ್ ಕಾರ್ಡ್ ತೆಗೆದು ನೋಡಿ, ಅದು ನಾಮಪದ, ಕೊನೆಯಲ್ಲಿ ಸಿ, ಇ. ಅಮೆರಿಕದ ಕಂಪನಿಗೆ ಕೆಲಸ ಮಾಡುವವರಿಗೆ ಲೆಕ್ಕವೇ ಬೇರೆ: ಅಲ್ಲಿ ‘ಪ್ರಾಕ್ಟೀಸ್’ ಎರಡಕ್ಕೂ ಸಿ, ‘ಲೈಸೆನ್ಸ್’ ಎರಡಕ್ಕೂ ಎಸ್. ಒಂದು ಕಡತದಲ್ಲಿ ಒಂದೇ ಪದ್ಧತಿ ಇರಲಿ.

‘ಲೂಸ್’, ‘ಲೂಜ಼್’ ಜೋಡಿಯಂತೂ ಆಫೀಸ್ ಇಮೇಲ್‌ಗಳಲ್ಲಿ ದಿನವೂ ತಪ್ಪಾಗುತ್ತದೆ. ಎರಡು ಓ ಇದ್ದರೆ ‘ಲೂಸ್’, ಸಡಿಲ. ಒಂದೇ ಓ ಇದ್ದರೆ ‘ಲೂಜ಼್’, ಕಳೆದುಕೋ. ಒಂದು ಓ ಕಳೆದುಹೋಗಿದೆ ಎಂದು ನೆನಪಿಟ್ಟುಕೊಳ್ಳಿ. ಕಂಪ್ಯೂಟರಿನ ಸ್ಪೆಲ್‌ಚೆಕ್ ಇಂಥದ್ದನ್ನು ಎಷ್ಟೋ ಸಲ ಹಿಡಿಯುವುದಿಲ್ಲ, ಯಾಕೆಂದರೆ ಎರಡೂ ನಿಘಂಟಿನಲ್ಲಿರುವ ಸರಿಯಾದ ಪದಗಳೇ.

ಕಾಗದದ ಮೇಲಿನ ಅವಳಿಗಳು

‘ಡೈರಿ’ ಎಂದು ಕನ್ನಡದಲ್ಲಿ ಬರೆದರೆ ದಿನಚರಿ ಪುಸ್ತಕವೂ ಆಗಬಹುದು, ಹಾಲಿನ ಡೈರಿಯೂ ಆಗಬಹುದು. ಬನ್ನೇರುಘಟ್ಟ ರಸ್ತೆಯ ಡೈರಿ ಸರ್ಕಲ್‌ನದು ಡಿ, ಎ, ಐ: ಎ ಮೊದಲು, ಉಚ್ಚಾರಣೆ ‘ಡೇರಿ’. ಪುಸ್ತಕದ್ದು ಡಿ, ಐ, ಎ: ಐ ಮೊದಲು, ಉಚ್ಚಾರಣೆ ‘ಡಯರಿ’. ಇಂಗ್ಲಿಷ್‌ನಲ್ಲಿ ‘ನಾನು’ ಎಂಬುದಕ್ಕೆ ಐ. ನನ್ನ ದಿನಚರಿಯಲ್ಲಿ ನಾನೇ ಮೊದಲು.

‘ಸ್ಟೇಷನರಿ’ ಜೋಡಿಗೆ ಹಿನ್ನೆಲೆ ಗೊತ್ತಿದ್ದರೆ ಒಳ್ಳೆಯದು. ಮಧ್ಯಯುಗದ ಯುರೋಪಿನಲ್ಲಿ ಊರೂರು ಸುತ್ತಿ ಮಾರುವವರ ನಡುವೆ, ವಿಶ್ವವಿದ್ಯಾಲಯಗಳ ಬಳಿ ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುತ್ತಿದ್ದವರನ್ನು ‘ನೆಲೆನಿಂತವರು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಕರೆದರು. ನಿಂತಿರುವುದು, ಕಾಗದ ಮಾರುವುದು ಎರಡೂ ಹುಟ್ಟಿದ್ದು ಅಲ್ಲಿಂದ. ಅವೆನ್ಯೂ ರಸ್ತೆಯಲ್ಲಿ ಕೊಳ್ಳುವ ನೋಟ್‌ಬುಕ್, ಎನ್ವಲಪ್ ಇವಕ್ಕೆ ಕೊನೆಯಲ್ಲಿ ಇ, ಆರ್, ವೈ. ಎನ್ವಲಪ್ ಇ ಇಂದ ಶುರು, ಅದೇ ಗುರುತು. ಸಿಗ್ನಲ್‌ನಲ್ಲಿ ನಿಂತ ವಾಹನಕ್ಕೆ ಎ, ಆರ್, ವೈ.

‘ಎಫೆಕ್ಟ್’ ಪರಿಣಾಮ, ಎ ಇಂದ ಶುರುವಾಗುವ ‘ಅಫೆಕ್ಟ್’ ಪರಿಣಾಮ ಬೀರು. ಸುತ್ತೋಲೆಗಳಲ್ಲಿ ಬರುವ ‘ವಿತ್ ಎಫೆಕ್ಟ್ ಫ್ರಮ್’ ಎಂಬುದು ಇಡಿಯಾಗಿ ಒಂದು ಮಾತು, ‘ಇಂಥ ದಿನದಿಂದ ಜಾರಿ’ ಎಂದರ್ಥ. 2025ರ ಫೆಬ್ರವರಿ 9ರಿಂದ ನಮ್ಮ ಮೆಟ್ರೋ ದರ ಏರಿದ್ದನ್ನು ಬರೆಯಬೇಕಾದರೆ ದಿನಾಂಕದ ಹಿಂದೆ ಬರುವುದು ಈ ಮಾತೇ.

ದುಡ್ಡಿನ ಕಾಗದಗಳಲ್ಲಿ

ಇಲ್ಲಿ ಅರ್ಥ ತಪ್ಪಿದರೆ ಜೇಬಿಗೆ ಕತ್ತರಿ, ಹಾಗಾಗಿ ನಿಧಾನವಾಗಿ ಓದಿ. ಸಾಲದ ಪತ್ರದಲ್ಲಿ ‘ಪ್ರಿನ್ಸಿಪಲ್’ ಎಂದರೆ ಅಸಲು, ‘ಇಂಟರೆಸ್ಟ್’ ಎಂದರೆ ಬಡ್ಡಿ. ಅಸಲಿಗೂ ಕಾಲೇಜಿನ ಪ್ರಾಂಶುಪಾಲರಿಗೂ ಕೊನೆಯಲ್ಲಿ ಪಿ, ಎ, ಎಲ್. ಎರಡೂ ‘ಮುಖ್ಯ’ ಎಂಬ ಅರ್ಥದಿಂದ ಬಂದವು. ತತ್ವ ಎಂಬುದಕ್ಕೆ ಮಾತ್ರ ಪಿ, ಎಲ್, ಇ. ‘ಔಟ್‌ಸ್ಟ್ಯಾಂಡಿಂಗ್’ ಎಂದು ಮಗುವಿನ ಅಂಕಪಟ್ಟಿಯಲ್ಲಿದ್ದರೆ ಅತ್ಯುತ್ತಮ, ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿದ್ದರೆ ಬಾಕಿ.

‘ಕ್ರೆಡಿಟ್’ ಹೆಚ್ಚು ಗೊಂದಲ ಮಾಡುತ್ತದೆ. ಕ್ರೆಡಿಟ್ ಕಾರ್ಡ್ ಎಂದಾಗ ಅದು ಸಾಲ. ‘ಯುವರ್ ಅಕೌಂಟ್ ಈಸ್ ಕ್ರೆಡಿಟೆಡ್’ ಎಂದಾಗ ಜಮೆ. ಸ್ಟೇಟ್‌ಮೆಂಟ್‌ನಲ್ಲಿ ಮೊತ್ತದ ಪಕ್ಕ ಸಿ, ಆರ್ ಎಂಬ ಎರಡಕ್ಷರ ಇದ್ದರೆ ಅದು ಯಾವಾಗಲೂ ನಿಮ್ಮ ಪರ. ಕಾರ್ಡಿನ ಒಟ್ಟು ಬಾಕಿಯ ಮುಂದೆ ಸಿ, ಆರ್ ಕಂಡರೆ ನೀವು ಹೆಚ್ಚು ಕಟ್ಟಿದ್ದೀರಿ, ಮತ್ತೆ ಕಟ್ಟಬೇಡಿ. ಆ ಬಾಕಿಯ ಮುಂದೆ ಡಿ, ಆರ್ ಇದ್ದರೆ ನೀವು ಕೊಡಬೇಕಾದ್ದು.

ಬೆಸ್ಕಾಂ ಬಿಲ್ಲಿನ ‘ಸ್ಯಾಂಕ್ಷನ್ಡ್ ಲೋಡ್’ ಎಂದರೆ ಮಂಜೂರಾದ ಹೊರೆ. ಅದೇ ‘ಸ್ಯಾಂಕ್ಷನ್’ ಪತ್ರಿಕೆಯ ವಿದೇಶ ಪುಟದಲ್ಲಿ ‘ಸ್ಯಾಂಕ್ಷನ್ಸ್ ಆನ್’ ಎಂದು ಬಂದರೆ ನಿರ್ಬಂಧ. ಒಂದು ಪದಕ್ಕೆ ಒಪ್ಪಿಗೆ, ತಡೆ ಎಂಬ ಎರಡು ವಿರುದ್ಧ ಅರ್ಥ. ಬಿಡಿಸುವುದು ಮತ್ತೆ ಆ ಪುಟ್ಟ ‘ಆನ್’. ‘ಓವರ್‌ಸೈಟ್’ ಕೂಡ ಹೀಗೆಯೇ, ಮೇಲ್ವಿಚಾರಣೆಯೂ ಹೌದು, ಕಣ್ತಪ್ಪೂ ಹೌದು. ‘ಟೇಬಲ್’ ಕ್ರಿಯಾಪದವಾದಾಗ ನಮ್ಮಲ್ಲಿ, ಬ್ರಿಟನ್‌ನಲ್ಲಿ ಮಂಡಿಸು; ಅಮೆರಿಕದಲ್ಲಿ ಬದಿಗಿಡು. ಅಲ್ಲಿನವರ ಜೊತೆ ಮೀಟಿಂಗ್ ಇದ್ದರೆ ಈ ಪದವನ್ನೇ ಬಿಟ್ಟುಬಿಡಿ.

ಬೆಂಗಳೂರಿನಲ್ಲೊಂದು ಅರ್ಥ, ಹೊರಗೊಂದು ಅರ್ಥ

ಇಲ್ಲಿ ಮನೆ ‘ಲೀಸ್’ಗೆ ಎಂದರೆ ಭೋಗ್ಯ: ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ದುಡ್ಡು ವಾಪಸ್ ಪಡೆಯುವುದು. ಇಂಗ್ಲಿಷ್‌ನಲ್ಲಿ, ಕಾನೂನಿನಲ್ಲಿ ‘ಲೀಸ್’ ಎಂದರೆ ಅವಧಿ ಗೊತ್ತುಮಾಡಿದ ಗುತ್ತಿಗೆ, ತಿಂಗಳ ಬಾಡಿಗೆ ಇರುವುದೂ ಲೀಸೇ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಲೀಸನ್ನು ನೋಂದಾಯಿಸಲೇಬೇಕು. ನಮ್ಮ ಬಾಡಿಗೆ ಕರಾರುಗಳು 11 ತಿಂಗಳಿಗೆ ನಿಲ್ಲುವುದು ಅದಕ್ಕೇ. ಪತ್ರದ ತಲೆಬರಹ ನೋಡಿ ತೀರ್ಮಾನಿಸಬೇಡಿ. ತಿಂಗಳ ಬಾಡಿಗೆಯ ಮೊತ್ತ ಬರೆದಿದೆಯೇ, ಮುಂಗಡದ ಪಕ್ಕ ‘ರೀಫಂಡಬಲ್’ ಎಂದಿದೆಯೇ, ಈ ಎರಡು ಸಾಲು ಹುಡುಕಿ. ನಾವು ‘ಅಡ್ವಾನ್ಸ್’ ಎನ್ನುವುದು ಹೊರಗಿನವರಿಗೆ ‘ಸೆಕ್ಯೂರಿಟಿ ಡೆಪಾಸಿಟ್’. ಬರೀ ಅಡ್ವಾನ್ಸ್ ಎಂದರೆ ಅವರು ಮುಂದಿನ ತಿಂಗಳ ಬಾಡಿಗೆ ಈಗಲೇ ಕೊಟ್ಟದ್ದು ಎಂದುಕೊಳ್ಳಬಹುದು. ‘ಐ ರೆಂಟೆಡ್ ದ ಹೌಸ್’ ಎಂದರೂ ಕೊಟ್ಟಿರೋ ತಗೊಂಡಿರೋ ತಿಳಿಯುವುದಿಲ್ಲ; ಮಾಲೀಕರಾದರೆ ‘ಔಟ್’ ಸೇರಿಸಿ.

ಆಫೀಸಿನಲ್ಲಿ ‘ರಿವರ್ಟ್’ ಎಂದರೆ ಉತ್ತರಿಸು ಎಂದು ನಮ್ಮಲ್ಲಿ ನಡೆಯುತ್ತದೆ. ಬೇರೆ ದೇಶದವರಿಗೆ ಅದು ಮೊದಲಿದ್ದ ಸ್ಥಿತಿಗೆ ಮರಳಿಸು. ಸಾಫ್ಟ್‌ವೇರ್ ತಂಡದಲ್ಲಿ ಇದು ಅಪಾಯ, ಉತ್ತರ ಬಯಸಿ ಬರೆದರೆ ಅವರು ಮಾಡಿದ ಬದಲಾವಣೆಯನ್ನೇ ತೆಗೆದುಹಾಕಿಬಿಡಬಹುದು. ‘ರಿಪ್ಲೈ’ ಎಂದೇ ಬರೆಯಿರಿ. ‘ಪಾಸ್ಡ್ ಔಟ್’ ಎಂದರೆ ನಮಗೆ ಪದವಿ ಮುಗಿಸಿದ್ದು, ಅವರಿಗೆ ಪ್ರಜ್ಞೆ ತಪ್ಪಿದ್ದು. ಬಯೋಡೇಟಾದಲ್ಲಿ ‘ಗ್ರಾಜುಯೇಟೆಡ್’ ಇರಲಿ. ಅಂಗಡಿಯಲ್ಲಿ ‘ಕವರ್’ ಕೇಳಿದರೆ ಇಲ್ಲಿ ಚೀಲ ಸಿಗುತ್ತದೆ, ಬೇರೆ ಊರಲ್ಲಿ ‘ಬ್ಯಾಗ್’ ಎನ್ನಿ.

ಬಾಲ ಬದಲಾದರೆ ಅರ್ಥ ತಲೆಕೆಳಗು

‘ವರ್ಕ್ಡ್ ಹಾರ್ಡ್’ ಎಂದರೆ ಕಷ್ಟಪಟ್ಟು ದುಡಿದರು. ‘ಹಾರ್ಡ್‌ಲಿ ವರ್ಕ್ಡ್’ ಎಂದರೆ ದುಡಿಯಲೇ ಇಲ್ಲ ಎನ್ನುವಷ್ಟು. ಹೊಗಳಲು ಹೋಗಿ ತೆಗಳಿದಂತಾಗುತ್ತದೆ. ‘ಲೇಟ್’ ತಡವಾಗಿ, ‘ಲೇಟ್ಲಿ’ ಈಚೆಗೆ.

ಗಡುವಿನ ವಿಷಯದಲ್ಲಿ ಕನ್ನಡವೇ ದಾರಿ ತೋರುತ್ತದೆ. ‘ಒಳಗೆ’ ಎನ್ನುವಲ್ಲಿ ‘ಬೈ’, ‘ವರೆಗೆ’ ಎನ್ನುವಲ್ಲಿ ‘ಅಂಟಿಲ್’. ಶುಕ್ರವಾರದೊಳಗೆ ಕೊಡಿ, ‘ಬೈ ಫ್ರೈಡೇ’. ಶುಕ್ರವಾರದವರೆಗೆ ಇರುತ್ತೇನೆ, ‘ಅಂಟಿಲ್ ಫ್ರೈಡೇ’.

ನೋಟ್‌ಬುಕ್ ಇಡುವ ಕ್ರಮ

200 ಪುಟದ ಗೆರೆ ಹಾಳೆಯ ಪುಸ್ತಕ ಸಾಕು. ಪುಟಕ್ಕೆ ಒಂದೇ ಪದ. ಎಡಕ್ಕೆ ಪದವನ್ನಲ್ಲ, ಎರಡು ಮೂರು ಪದದ ತುಣುಕನ್ನು ಬರೆಯಿರಿ: ‘ಚಾರ್ಜ್ಡ್ ಫಾರ್’, ‘ಇನ್ ಚಾರ್ಜ್ ಆಫ್’. ನಡುವೆ ಕನ್ನಡದ ಅರ್ಥ. ಬಲಕ್ಕೆ ಅದು ಕಂಡ ಜಾಗ: ಕರೆಂಟ್ ಬಿಲ್, ಮೆಟ್ರೋ ಬೋರ್ಡ್, ಬಾಡಿಗೆ ಕರಾರು. ಕಂಡ ಜಾಗ ಬರೆದರೆ ಅರ್ಥ ಬೇಗ ನೆನಪಾಗುತ್ತದೆ, ಹಾಗಾಗಿ ಅದನ್ನು ಬಿಡಬೇಡಿ. ದಿನಕ್ಕೆ ಐದು ತುಣುಕು ದಾಟಬೇಡಿ. ಮಾರನೆಯ ದಿನ, ಮೂರನೆಯ ದಿನ, ವಾರ ಕಳೆದ ಮೇಲೆ, ಮೂರು ವಾರ ಕಳೆದ ಮೇಲೆ ಒಮ್ಮೊಮ್ಮೆ ನಡುವಿನ ಸಾಲು ಮುಚ್ಚಿ ಓದಿ. ತಪ್ಪಿದ್ದಕ್ಕೆ ಚುಕ್ಕೆ ಇಡಿ, ಮೂರು ಚುಕ್ಕೆ ಬಿದ್ದದ್ದಕ್ಕೆ ನಿಮ್ಮದೇ ವಾಕ್ಯ ಕಟ್ಟಿ.

ಅವಳಿ ಪದಗಳನ್ನು ಒಂದೇ ದಿನ ಕಲಿಯಬೇಡಿ. ‘ಅಫೆಕ್ಟ್’, ‘ಎಫೆಕ್ಟ್’ ಅಕ್ಕಪಕ್ಕ ಬರೆದುಕೊಂಡರೆ ಎರಡೂ ನೆನಪಿರುತ್ತವೆ, ಯಾವುದು ಯಾವುದು ಎಂಬುದು ಮಾತ್ರ ಮರೆತುಹೋಗುತ್ತದೆ. ಹೆಚ್ಚು ಬಳಕೆಯದನ್ನು ಮೊದಲು ಕಲಿತು, ಅದು ತಪ್ಪದೆ ಬರತೊಡಗಿದ ಮೇಲೆ, ಒಂದು ವಾರ ಬಿಟ್ಟು ಇನ್ನೊಂದಕ್ಕೆ ಹೋಗಿ. ಮೊಬೈಲ್ ನಿಘಂಟಿನಲ್ಲಿ ಮೊದಲು ಕಾಣುವ ಅರ್ಥಕ್ಕೇ ನಿಲ್ಲದೆ, ಉದಾಹರಣೆ ವಾಕ್ಯಗಳನ್ನು ಓದಿ. ನಿಮ್ಮ ಕೈಯಲ್ಲಿರುವ ವಾಕ್ಯದ ಪುಟ್ಟ ಪದ ಯಾವ ಉದಾಹರಣೆಯಲ್ಲಿದೆಯೋ, ಆ ಸಂಖ್ಯೆಯ ಅರ್ಥವನ್ನೇ ಬರೆದುಕೊಳ್ಳಿ.