ನೆರಳಿನೊಳಗಿನ ಕೆಂಪು

ಭಾವಚಿತ್ರಕ್ಕೆ ಎಣ್ಣೆಬಣ್ಣ ಬೆರೆಸುವ ಮೊದಲು ನಾನು ಕುಳಿತವರ ಕಾಲಡಿಯ ನೆಲವನ್ನು ನೋಡುತ್ತೇನೆ. ಮುಖದ ನೆರಳಿಗೆ ಬಣ್ಣ ಬರುವುದು ಬಹುಪಾಲು ಅಲ್ಲಿಂದಲೇ. ಕಾರವಾರ, ಅಂಕೋಲೆ ಕಡೆಯ ಹಳೆಯ ಮನೆಗಳಿಗೆ ಕೆಂಪು ಮಣ್ಣಿನ ಅಂಗಳ, ಚಿರೇಕಲ್ಲಿನ ಗೋಡೆ. ಅವುಗಳ ಮೇಲೆ ಬಿದ್ದ ಬಿಸಿಲು ಗಲ್ಲದ ಅಡಿಗೆ, ಮೂಗಿನ ಕೆಳಗೆ, ಹುಬ್ಬಿನ ಒಳಮೈಗೆ ಚಿಮ್ಮುತ್ತದೆ. ಅಂಥ ನೆರಳಿಗೆ ಕಂದಿನೊಡನೆ ಕಪ್ಪು ಸೇರಿಸಿ ಹಚ್ಚಿದರೆ ಮುಖಕ್ಕೆ ಮಸಿ ಬಳಿದಂತಾಗುತ್ತದೆ.

ಅಂಕೋಲೆ ಸಮೀಪದ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರನ್ನು ಅವರ ಜಗಲಿಯಲ್ಲೇ ಕೂರಿಸಿ ಚಿತ್ರ ಬರೆದೆ. ಮೊದಲಿಗೆ ರಾ ಅಂಬರ್ ಎಂಬ ಕಂದು ಬಣ್ಣವೊಂದನ್ನೇ ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ, ಕಣ್ಣು ಅರೆಮುಚ್ಚಿ ನೋಡುತ್ತ, ಇಡೀ ಮುಖವನ್ನು ಬೆಳಕು, ನೆರಳು ಎಂದು ಎರಡೇ ಪಾಲು ಮಾಡಿಕೊಂಡೆ. ಈ ಗಡಿ ಸರಿಯಿದ್ದರೆ ಬಣ್ಣ ಕೊಂಚ ಅತ್ತಿತ್ತಾದರೂ ಹೋಲಿಕೆ ಉಳಿಯುತ್ತದೆ; ಗಡಿ ತಪ್ಪಿದರೆ ಎಷ್ಟು ಒಳ್ಳೆಯ ಬಣ್ಣವೂ ಕಾಪಾಡದು. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ಅದು ಸಣ್ಣ ಅನುಕೂಲವಲ್ಲ.

ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಸೋರ್ನ್ ಹೆಸರಿನಲ್ಲಿ ನಾಲ್ಕು ಬಣ್ಣಗಳ ಹಲಗೆಯೊಂದು ಪ್ರಸಿದ್ಧ: ಬಿಳಿ, ಯೆಲ್ಲೋ ಓಕರ್ ಎಂಬ ಮಣ್ಣುಹಳದಿ, ವರ್ಮಿಲಿಯನ್ ಎಂಬ ಕೆಂಪು, ಐವರಿ ಬ್ಲ್ಯಾಕ್ ಎಂಬ ಕಪ್ಪು. ಬಿಳಿಯೊಡನೆ ಬೆರೆತಾಗ ಆ ಕಪ್ಪು ನೀಲಿಯ ಕೆಲಸ ಮಾಡುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಹಲಗೆ ನನಗೆ ಗೊತ್ತಿಲ್ಲ. ಆದರೆ ನಮ್ಮ ಎಣ್ಣೆಗಪ್ಪು ಮೈಬಣ್ಣಕ್ಕೆ ನನಗದು ಸಾಲದು. ಆ ಚರ್ಮದ ಹೊಳಪಿನಲ್ಲಿ ಆಕಾಶವೇ ಕಾಣುತ್ತದೆ. ಅಜ್ಜಿಯ ಹಣೆಯ ಮೇಲೆ, ಕೆನ್ನೆಯ ಮೂಳೆಯ ಮೇಲೆ ಅಚ್ಚ ಬೂದುನೀಲಿ ಇತ್ತು. ಅದಕ್ಕೆ ಅಲ್ಟ್ರಾಮರೀನ್ ನೀಲಿ, ಬಿಳಿ, ಚಿಟಿಕೆಯಷ್ಟು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದೆ. ಬರೀ ಬಿಳಿ ಇಟ್ಟಿದ್ದರೆ ಸುಣ್ಣದ ಕಲೆಯಂತೆ ಕಾಣುತ್ತಿತ್ತು.

ಹೆಚ್ಚು ಹೊತ್ತು ಹಿಡಿದದ್ದು ಕುತ್ತಿಗೆ. ಅಲ್ಲಿ ಮಣಿಸರಗಳ ರಾಶಿ, ಅದರ ಮೇಲೆ ಗಲ್ಲದ ನೆರಳು. ಬಿಸಿಲಿನಲ್ಲಿದ್ದ ಹಳದಿ ಮಣಿ ನೆರಳಿಗೆ ಸರಿದೊಡನೆ ಹಳದಿಯಾಗಿ ಉಳಿಯುವುದಿಲ್ಲ. ಓಕರಿಗೆ ಅಲಿಝರಿನ್ ಎಂಬ ಕಡುಗೆಂಪು ಸೇರಿಸಿ ತಗ್ಗಿಸಿದ ಮೇಲೆಯೇ ಅದು ತನ್ನ ಜಾಗದಲ್ಲಿ ಕುಳಿತಿತು. ಮಣಿ ಚರ್ಮಕ್ಕೆ ತಾಗಿದ ಕಡೆ ನೆರಳಿನ ಅಂಚು ಚೂಪು, ದೂರ ಸರಿದಂತೆ ಮೆದು. ಗಲ್ಲದ ಅಡಿಯಲ್ಲಿ ಬರ್ನ್ಟ್ ಸಿಯೆನ್ನಾ ತೆಳುವಾಗಿ ಹರಡಿ ಅಂಗಳದ ಕೆಂಪನ್ನು ತಂದೆ. ಈ ಕೆಂಪು ಎಷ್ಟೇ ಮೋಹಕವಾಗಿದ್ದರೂ ಬೆಳಕಿನ ಪಾಲಿನ ಅತಿ ಗಾಢ ಭಾಗಕ್ಕಿಂತ ತುಸು ಕಪ್ಪಾಗಿಯೇ ಇರಬೇಕು. ಇಲ್ಲದಿದ್ದರೆ ಕುತ್ತಿಗೆ ಮುಂದೆ ಬಂದು ಗಲ್ಲವನ್ನು ನುಂಗುತ್ತದೆ.

ನೆರಳು ತೆಳು, ಬೆಳಕು ದಪ್ಪ: ಇದನ್ನು ಮಾತ್ರ ನಾನು ಎಂದೂ ಬಿಡುವುದಿಲ್ಲ. ಬಣ್ಣದಲ್ಲಿರುವ ಲಿನ್ಸೀಡ್ (ಅಗಸೆ) ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹಾಗಾಗಿ ಕೆಳಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ಹಿಂದುಮುಂದಾದರೆ ಮೇಲಿನ ಪದರ ಮೊದಲು ಒಣಗಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಕ್ಯಾನ್ವಾಸನ್ನು ಗೋಡೆಗೆ ಒರಗಿಸದೆ ಬೆನ್ನಿಗೂ ಗಾಳಿಯಾಡುವಂತೆ ನಿಲ್ಲಿಸುತ್ತೇನೆ, ಬೂಷ್ಟು ಹಿಡಿಯುವುದು ಅಲ್ಲಿಂದಲೇ.

ಈಗ ಮೀನು ಮಾರುವ ಹೆಂಗಸರ ಚಿತ್ರಗಳಿಗೆ ಕೈ ಹಾಕಿದ್ದೇನೆ. ಅವರು ಕೂರುವುದು ನೀಲಿ ತಾಡಪಾಲಿನ ಅಡಿಯಲ್ಲಿ. ಅಲ್ಲಿ ಬೆಳಕೇ ನೀಲಿ, ಬೆಚ್ಚಗಿನ ಬಣ್ಣ ಉಳಿದಿರುವುದು ನೆರಳಿನ ಮೂಲೆಗಳಲ್ಲಿ. ಓಕರನ್ನು ಹಲಗೆಯ ತುದಿಗೆ ಸರಿಸಿ, ಅಲ್ಟ್ರಾಮರೀನನ್ನೇ ಮೊದಲು ಹಿಂಡಿಕೊಳ್ಳುತ್ತಿದ್ದೇನೆ.