ಇಲಿ ಕಡಿದ ಸ್ಪೀಕರ್ ವೈರನ್ನು ಮನೆಯಲ್ಲೇ ಸರಿಪಡಿಸುವ ಬಗೆ

ಕೊಡಗಿನ ಹೆಂಚಿನ ಮನೆಗಳಲ್ಲಿ ಅಟ್ಟದ ಮೇಲೆ ಎಳೆದ ಸ್ಪೀಕರ್ ವೈರಿನ ಹೊದಿಕೆಯನ್ನು ಇಲಿ ಕಡಿದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ತೇವ ಅಲ್ಲಿಂದ ಒಳಗಿಳಿದು ತಾಮ್ರವನ್ನು ಕಪ್ಪಾಗಿಸುತ್ತದೆ. ಕಣ್ಣಿಗೆ ಕಾಣುವ ಗಾಯವನ್ನಷ್ಟೇ ಕತ್ತರಿಸಿ, ಎಳೆಗಳನ್ನು ಹೊಸೆದು ಟೇಪ್ ಸುತ್ತಿದರೆ ಆ ದುರಸ್ತಿ ಮುಂದಿನ ಮಳೆಗಾಲದವರೆಗೂ ಬಾಳುವುದು ಕಷ್ಟ.

ಮೊದಲು ಆಂಪ್ಲಿಫೈಯರಿನ ಪ್ಲಗ್ ಕಿತ್ತು, ವೈರಿನ ಎರಡೂ ತುದಿಗಳನ್ನು ಬಿಡಿಸಿಕೊಳ್ಳಬೇಕು. ಬಿಡಿ ತುದಿಗಳು ಪರಸ್ಪರ ತಾಗದಂತಿರುವಾಗ ಎರಡು ಎಳೆಗಳ ನಡುವೆ, ಸಂಪರ್ಕವಿದ್ದರೆ ಸದ್ದು ಮಾಡುವಂತೆ ಹೊಂದಿಸಿದ ಮಲ್ಟಿಮೀಟರ್ ಸದ್ದು ಮಾಡಿದರೆ ಒಳಗೆಲ್ಲೋ ಅವೆರಡೂ ತಾಗಿ ಶಾರ್ಟ್ ಆಗಿದೆ ಎಂದರ್ಥ. ಆಂಪ್ಲಿಫೈಯರನ್ನು ಸುಟ್ಟುಬಿಡಬಲ್ಲ ದೋಷವಿದು.

ಗಾಯದ ಎರಡೂ ಬದಿಗಳಲ್ಲಿ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ, ಹೊದಿಕೆ ಸುಲಿದು ನೋಡುತ್ತ ಹೋಗಬೇಕು. ಹೊಳೆಯುವ ತಾಮ್ರ ಸಿಗುವವರೆಗೆ, ಒಂದು ಅಡಿ ವೈರೇ ಹೋದರೂ, ಕತ್ತರಿಸುವುದನ್ನು ನಿಲ್ಲಿಸಬಾರದು, ಏಕೆಂದರೆ ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಉದ್ದ ಸಾಲದಿದ್ದರೆ ಎಳೆದು ಜೋಡಿಸದೆ, ಅಷ್ಟೇ ದಪ್ಪದ ತಾಮ್ರದ ವೈರಿನ ತುಂಡನ್ನು ನಡುವೆ ಸೇರಿಸಬೇಕು. 8 ಓಮ್ ಸ್ಪೀಕರಿಗೆ ಹತ್ತು ಮೀಟರ್ ದೂರದವರೆಗೆ 1.5 ಚದರ ಮಿಲಿಮೀಟರ್ ವೈರ್ ಸಾಕು. 4 ಓಮ್ ಆದರೆ ಅಷ್ಟೇ ದೂರಕ್ಕೆ 2.5 ಒಳ್ಳೆಯದು.

ಎರಡು ಎಳೆಗಳ ಜೋಡಣೆಗಳು ಒಂದರ ಪಕ್ಕ ಇನ್ನೊಂದು ಬರದಂತೆ, ಒಂದು ಬದಿಯಲ್ಲಿ ಪ್ಲಸ್ ಎಳೆಯನ್ನೂ ಮತ್ತೊಂದು ಬದಿಯಲ್ಲಿ ಮೈನಸ್ ಎಳೆಯನ್ನೂ ಮೂರು ಸೆಂಟಿಮೀಟರ್ ಗಿಡ್ಡ ಮಾಡಿಕೊಳ್ಳಬೇಕು. ಗೆರೆಯೋ ಬಣ್ಣವೋ ಇರುವ ಎಳೆಯನ್ನು ಅಂಥದ್ದೇ ಎಳೆಗೆ ಸೇರಿಸಬೇಕು. ಹೊಸೆಯುವ ಮೊದಲೇ ಹೀಟ್ ಶ್ರಿಂಕ್ ಸ್ಲೀವನ್ನು (ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಕೊಳವೆಯನ್ನು) ಒಂದೊಂದು ಎಳೆಗೂ ತೂರಿಸಿಡಬೇಕು, ಇಡೀ ವೈರಿಗೆ ಅಗಲವಾದ ಇನ್ನೊಂದನ್ನೂ ಸೇರಿಸಿ. ಬೆಸುಗೆಯಾದ ಮೇಲೆ ನೆನಪಾದರೆ ಮತ್ತೆ ಬಿಚ್ಚಬೇಕಾಗುತ್ತದೆ.

ಕಾದ ಸೋಲ್ಡರಿಂಗ್ ಐರನ್ನನ್ನು ತಾಮ್ರಕ್ಕೆ ಒತ್ತಿ ಹಿಡಿದು, ತಾಮ್ರದ ಬಿಸಿಗೇ ಸೋಲ್ಡರ್ (ಬೆಸುಗೆಯ ಲೋಹ) ಕರಗಿ ಎಳೆಗಳೊಳಗೆ ಹರಿಯುವಂತೆ ಮಾಡಬೇಕು. ಒಳಗೆ ರಾಳವಿರುವ 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ) ಇದಕ್ಕೆ ತಕ್ಕದ್ದು. ಪೈಪ್ ಬೆಸೆಯಲು ಹಚ್ಚುವ ಆ್ಯಸಿಡ್ ಫ್ಲಕ್ಸ್ ಉಳಿದಲ್ಲಿ ತಾಮ್ರವನ್ನು ತಿನ್ನುತ್ತದೆ, ಆದುದರಿಂದ ಅದು ಬೇಡವೇ ಬೇಡ. ಕರಗುವಾಗ ಏಳುವ ಹೊಗೆಯನ್ನು ಉಸಿರಾಡದಂತೆ ಕಿಟಕಿ ತೆರೆದಿಟ್ಟುಕೊಳ್ಳಬೇಕು, ಕೆಲಸ ಮುಗಿದೊಡನೆ ಕೈ ತೊಳೆಯಬೇಕು.

ಬೆಸುಗೆ ಆರಿದ ಮೇಲೆ ಸ್ಲೀವ್‌ಗಳನ್ನು ಜೋಡಣೆಗಳ ಮೇಲೆ ಜಾರಿಸಿ ಬಿಸಿಗಾಳಿಯಿಂದ ಬಿಗಿಗೊಳಿಸಿ, ಎರಡು ಎಳೆಗಳ ನಡುವೆ ಸದ್ದಿಲ್ಲವೆಂದು ಮತ್ತೊಮ್ಮೆ ಮಲ್ಟಿಮೀಟರ್ ಹಿಡಿದು ನೋಡಿದ ನಂತರವೇ ವೈರನ್ನು ಆಂಪ್ಲಿಫೈಯರಿಗೆ ಜೋಡಿಸಬೇಕು. ಎರಡೂ ಸ್ಪೀಕರುಗಳ ನಡುವೆ ಸಮದೂರದಲ್ಲಿ ಕುಳಿತು, ಮಡಿಕೇರಿ ಆಕಾಶವಾಣಿಯ ವಾರ್ತೆಯನ್ನು ಸಣ್ಣ ದನಿಯಲ್ಲಿ ಹಾಕಿ ಕೇಳಿರಿ. ಓದುವವರ ದನಿ ನಟ್ಟನಡುವಿನಿಂದ ಬಂದರೆ ಪ್ಲಸ್ ಮೈನಸ್ ಸರಿಯಾಗಿವೆ. ದಿಕ್ಕು ತಿಳಿಯದಂತೆ ಚದುರಿ, ಗಂಭೀರ ಸ್ವರ ಸೊರಗಿದ್ದರೆ, ಆಂಪ್ಲಿಫೈಯರನ್ನು ಆರಿಸಿ ಒಂದು ಸ್ಪೀಕರಿನ ಎರಡು ತುದಿಗಳನ್ನು ಅದಲುಬದಲು ಮಾಡಬೇಕು.